ಡಾಕ್ಟರು ಬೈಯದಿದ್ದರೆ

ಮೊನ್ನೆ ಜಮಖಂಡಿಯಲ್ಲಿ ಹೊಸದಾಗಿ ಬೋರ್ಡು ಹಾಕಿಕೊಂಡಿರುವ ಒಬ್ಬ ಡಾಕ್ಟರ ಹತ್ತಿರ ಬಿ.ಪಿ. ತೋರಿಸಲು ಹೋಗಿದ್ದೆ. ಡಾಕ್ಟರು ಅಂದರೆ ಹುಡುಗನೇ, ನಾನು ಸಾಲಿಯಲ್ಲಿ ಕಲಿಸಿದ ಮಕ್ಕಳ ವಯಸ್ಸು. ನಾನು ಒಳಗೆ ಕಾಲಿಟ್ಟ ಕೂಡಲೇ ಎದ್ದು ನಿಂತು, "ಬರ್ರಿ ಮೇಡಂ, ಆರಾಮ ಕೂಡ್ರಿ. ಏನೂ ಗಾಬರಿ ಆಗಬ್ಯಾಡ್ರಿ. ಏನ ತ್ರಾಸ ಐತಿ, ಸಾವಕಾಶ ಹೇಳ್ರಿ" ಎಂದ.

ಅಷ್ಟೇ ಸಾಕಾಯಿತು. ಬಾಗಿಲವರೆಗೂ ತಣ್ಣಗಿದ್ದ ನನ್ನ ಎದೆ ಹೊಡೆದುಕೊಳ್ಳತೊಡಗಿತು. ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿ ನೋಡಿದ ಹುಡುಗನ ಮುಖ ಸಣ್ಣದಾಯಿತು. "ಭಾಳ ಏರೈತ್ರಿ ಮೇಡಂ" ಎಂದು ಇನ್ನೂ ಮೆತ್ತಗೆ ಹೇಳಿದ. ಅದನ್ನು ಕೇಳಿ ಮತ್ತಷ್ಟು ಏರಿರಬೇಕು. 'ಅಪ್ಪಾ, ಮೊದಲ ನನ್ನ ಒಂದ ಸಲ ಬೈ, ಆಮ್ಯಾಲ ನೋಡು' ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವನು ಬಿ.ಪಿ. ಬಿಟ್ಟು ಬೇರೆ ಯಾವುದೋ ಪರೀಕ್ಷೆಗೆ ಬರೆದುಕೊಡುತ್ತಿದ್ದ.

ತಪ್ಪು ಅವನದಲ್ಲ, ನನ್ನ ಓಣಿಯದು. ನಾನು ಬನಹಟ್ಟಿಯ ಮಗ್ಗದ ಓಣಿಯಲ್ಲಿ ಹುಟ್ಟಿ ಬೆಳೆದವಳು. ನಮ್ಮಲ್ಲಿ ಡಾಕ್ಟರೆಂದರೆ ಬೈಯಬೇಕು. ಬೈದರೆ ರೋಗಿ ಬದುಕುತ್ತಾನೆಂದು ಅರ್ಥ. ಡಾಕ್ಟರು ಮೆತ್ತಗೆ ಮಾತಾಡಿದರೋ, ಮನೆಯವರು ದೂರದ ನೆಂಟರಿಗೆ ಹೇಳಿಕಳಿಸುವ ವಿಚಾರ ಮಾಡುತ್ತಿದ್ದರು. ನೀವು ನಗಬಹುದು. ನಮಗೆ ಮಾತ್ರ ಇದು ಥರ್ಮಾಮೀಟರಿಗಿಂತ ಹೆಚ್ಚು ನಂಬಿಕೆಯ ವಿಷಯವಾಗಿತ್ತು.

ನಮ್ಮ ಡಾಕ್ಟರ ಹೆಸರು ತಮ್ಮಣ್ಣ. ನಮ್ಮ ಓಣಿಯಲ್ಲೇ ಚಡ್ಡಿ ಹಾಕಿಕೊಂಡು ಓಡಾಡಿ ದೊಡ್ಡವರಾಗಿ, ಮಿರಜದಲ್ಲಿ ಕಲಿತು ಬಂದು, ಓಣಿಯ ತಿರುವಿನಲ್ಲೇ ದವಾಖಾನೆ ತೆರೆದಿದ್ದರು. ಎರಡು ಖೋಲಿ, ಹೊರಗೊಂದು ಕಟ್ಟೆ, ಕಟ್ಟೆಯ ಮೇಲೆ ಬೇವಿನ ಮರದ ನೆರಳು. ಬಿಳಿ ಅಂಗಿ, ಬಿಳಿ ಪ್ಯಾಂಟು, ಕಾಲಲ್ಲಿ ಕಿರ್ರೆನ್ನುವ ಕೊಲ್ಹಾಪುರಿ ಚಪ್ಪಲಿ. ಅವರ ಬೈಗುಳ ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಕೇಳುತ್ತಿತ್ತು. ಹೀಗಾಗಿ ಒಬ್ಬನಿಗೆ ಬೈದರೆ ನಾಲ್ಕು ಜನರಿಗೆ ಪಥ್ಯ ಗೊತ್ತಾಗುತ್ತಿತ್ತು.

"ಲೇ, ಎಲಿ ಅಡಿಕಿ ಉಗುಳಿ ಬಾ ಮೊದಲ. ಬಾಯಿ ತೆರಿ ಅಂದ್ರ ಬಣ್ಣದ ಅಂಗಡಿ ತೆರದಂಗ ತೆರೀತಿ!"

"ಮಗ್ಗದ ಮುಂದ ಕುಂತು ಬರೇ ಚಾ ಕುಡದ್ರ ಹೊಟ್ಟಿ ಉರೀದ ಏನ ಮಾಡತೈತಿ? ಅದರಾಗ ಎರಡ ರೊಟ್ಟಿ ಹಾಕಲೇ!"

ಬಸುರಿ ಹೆಣ್ಣುಮಕ್ಕಳನ್ನು ಮಾತ್ರ ಅವರು ಬೈಯುತ್ತಿರಲಿಲ್ಲ. ಅವರ ಅತ್ತೆಯರನ್ನು ಬೈಯುತ್ತಿದ್ದರು. ಅದಕ್ಕೇ ಓಣಿಯ ಸೊಸೆಯರು ದವಾಖಾನೆಗೆ ಹೋಗುವಾಗ ಅತ್ತೆಯನ್ನು ಜೊತೆಗೆ ಕರೆದೊಯ್ಯಲು ಬಹಳ ಹುರುಪಿನಿಂದ ಇರುತ್ತಿದ್ದರು.

ಔಷಧಿಯ ಬಾಟಲಿ ನಾವೇ ಮನೆಯಿಂದ ಒಯ್ಯಬೇಕು. ಕಂಪೌಂಡರ್ ಇಮಾಮಸಾಬರು ಅದಕ್ಕೆ ಕೆಂಪು ಔಷಧಿ ತುಂಬಿ, ಕಾಗದದ ಪಟ್ಟಿಯೊಂದನ್ನು ಮಡಚಿ ಕತ್ತರಿಯಿಂದ ಕಚ್ಚು ಹಾಕಿ, ಗೋಂದಿನಿಂದ ಬಾಟಲಿಗೆ ಅಂಟಿಸಿಕೊಡುತ್ತಿದ್ದರು. ಒಂದು ಕಚ್ಚಿನಷ್ಟು ಒಂದು ಹೊತ್ತಿಗೆ. ನಮ್ಮ ಮನೆಯ ಬಾಟಲಿ ಮೂಲದಲ್ಲಿ ತಲೆಗೆ ಹಚ್ಚುವ ಎಣ್ಣೆಯದು. ಅವ್ವ ಬೂದಿ ಹಾಕಿ, ಬಿಸಿನೀರು ಹಾಕಿ ಎಷ್ಟು ತೊಳೆದರೂ ಆ ವಾಸನೆ ಹೋಗಲಿಲ್ಲ. ನನ್ನ ಬಾಲ್ಯದ ಜ್ವರ, ಕೆಮ್ಮು, ಹೊಟ್ಟೆನೋವು ಎಲ್ಲದಕ್ಕೂ ಮಲ್ಲಿಗೆ ಎಣ್ಣೆಯ ವಾಸನೆ ಇದೆ. ಇವತ್ತಿಗೂ ಬಸ್ಸಿನಲ್ಲಿ ಯಾರಾದರೂ ಆ ಎಣ್ಣೆ ಹಚ್ಚಿಕೊಂಡು ಪಕ್ಕದಲ್ಲಿ ಕುಳಿತರೆ ನನಗೆ ಕೆಮ್ಮು ಬಂದಂತಾಗುತ್ತದೆ.

ಹೊಟ್ಟೆನೋವು ಅಂದೆನಲ್ಲ, ನನ್ನ ಹೊಟ್ಟೆನೋವು ಗಣಿತದ ಪರೀಕ್ಷೆಯ ಹಿಂದಿನ ದಿನ ತಪ್ಪದೆ ಬರುವಂಥದ್ದು. ಒಮ್ಮೆ ಅಪ್ಪ ನನ್ನನ್ನು ಪಾಟೀಚೀಲದ ಸಮೇತ ದವಾಖಾನೆಗೆ ಕರೆದೊಯ್ದ. ಡಾಕ್ಟರು ಹೊಟ್ಟೆಯ ಬಲಗಡೆ ಒತ್ತಿ "ಇಲ್ಲಿ ನೋಯತೈತೇನು?" ಎಂದರು. ಹೂಂ ಎಂದೆ. ಎಡಗಡೆ ಒತ್ತಿ "ಇಲ್ಲಿ?" ಎಂದರು. ಹೂಂ ಎಂದೆ. ಆಮೇಲೆ ನನ್ನ ಪಾಟೀಚೀಲ ಒತ್ತಿ "ಇಲ್ಲಿ?" ಎಂದರು. ಕಣ್ಣು ಮುಚ್ಚಿಕೊಂಡಿದ್ದ ನಾನು ಅದಕ್ಕೂ ಹೂಂ ಎಂದೆ. "ಬ್ಯಾನಿ ಸಿಕ್ತು ನೋಡಪಾ!" ಎಂದು ಅವರು ಕೂಗಿದ್ದಕ್ಕೆ ಕಟ್ಟೆಯ ಮೇಲಿದ್ದವರೆಲ್ಲ ಬಾಗಿಲಲ್ಲಿ ಇಣುಕಿದರು. ಆಮೇಲೆ ಬಿದ್ದ ಬೈಗುಳಕ್ಕೆ ಹೊಟ್ಟೆನೋವು ನಿಂತಿತು, ಗಣಿತ ಮಾತ್ರ ಬರಲಿಲ್ಲ.

ಬೈಸಿಕೊಳ್ಳದಿದ್ದರೆ ಔಷಧಿ ಹತ್ತುವುದಿಲ್ಲ ಎಂದೇ ಓಣಿಯ ನಂಬಿಕೆ. ಒಂದು ಸಲ ಡಾಕ್ಟರಿಗೇ ಗಂಟಲು ಕಟ್ಟಿತ್ತು. ಪಕ್ಕದ ಮನೆಯ ಶಿವಲಿಂಗಪ್ಪ ಕಾಕಾ ಬೆನ್ನುನೋವೆಂದು ಹೋಗಿ, ಬರೀ ಕೈಸನ್ನೆ ಮಾಡಿಸಿಕೊಂಡು, ಮುಖ ಜೋಲುಹಾಕಿಕೊಂಡು ಬಂದರು. "ಇವತ್ತ ಒಂದ ಮಾತೂ ಬೈಲಿಲ್ಲೋ. ಈ ಗುಳಿಗಿ ಹೆಂಗ ಹತ್ತಬೇಕು?" ಎಂದು ಅಪ್ಪನ ಮುಂದೆ ಕುಳಿತರು. ಗುಳಿಗೆಗಳನ್ನು ಹಾಗೇ ಅಂಗಿಯ ಬಕ್ಕಣದಲ್ಲಿಟ್ಟುಕೊಂಡು, ಡಾಕ್ಟರ ಗಂಟಲು ತೆರೆದ ದಿನ ಮತ್ತೆ ಹೋಗಿ, ಗುಳಿಗೆ ನುಂಗದ್ದಕ್ಕೆ ಚೆನ್ನಾಗಿ ಬೈಸಿಕೊಂಡು, ಅಲ್ಲೇ ನೀರು ಕೇಳಿ ನುಂಗಿ ಬಂದರು. ಸಂಜೆಗೆ ಬೆನ್ನುನೋವು ಇರಲಿಲ್ಲ.

ಓಣಿಯ ತುಂಬ ಬೈಗುಳದ ದೊಡ್ಡ ಪಾಲುದಾರಳು ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಗಂಗವ್ವ. ಹುನ್ನೂರಿನ ಹೊಲಮನೆಯವರ ಮಗಳು. ಮಗ್ಗದವರ ಮನೆಗೆ ಬಂದು ನಲವತ್ತು ವರ್ಷವಾಗಿದ್ದರೂ "ನಮ್ಮ ಹುನ್ನೂರಾಗ" ಎಂದೇ ಮಾತು ಸುರು ಮಾಡುತ್ತಿದ್ದಳು. ಅವಳಿಗೆ ಒಂದು ಎದೆನೋವಿತ್ತು. ಆ ಎದೆನೋವಿಗೆ ಮನೆಯ ಎಲ್ಲ ವಿಷಯ ತಿಳಿಯುತ್ತಿತ್ತು. ಅವಳನ್ನು ಕೇಳದೆ ಅವ್ವ ತವರಿಗೆ ಹೊರಟರೆ ಬರುತ್ತಿತ್ತು. ಅಪ್ಪ ಹೊಸ ಮಗ್ಗ ಕೊಳ್ಳುವ ಮಾತೆತ್ತಿದರೆ ಬರುತ್ತಿತ್ತು. ಮೆಣಸಿನಕಾಯಿ ಭಜಿ ತಿಂದ ದಿನ ಯಾವ ಕಾರಣವೂ ಬೇಡ. ಗೋಡೆಗೆ ಒರಗಿ, ಸೆರಗಿನ ಮೇಲೆ ಕೈಯಿಟ್ಟು, "ನಾ ಹೊಂಟ್ನೆಪಾ" ಎನ್ನುತ್ತಿದ್ದಳು.

ನಾನೋ ಇನ್ನೊಬ್ಬರೋ ತಿರುವಿನವರೆಗೆ ಓಡುತ್ತಿದ್ದೆವು. ಡಾಕ್ಟರು ಕಿರ್ರ್ ಕಿರ್ರ್ ಎನ್ನುತ್ತ ಬಂದು ನಾಡಿ ಹಿಡಿಯುತ್ತಿದ್ದರು. ಕೊರಳಿನ ಸ್ಟೆಥಾಸ್ಕೋಪನ್ನು ಶಾಸ್ತ್ರಕ್ಕೆಂದು ಒಮ್ಮೆ ಎದೆಗೆ ಮುಟ್ಟಿಸುತ್ತಿದ್ದರು. ಶಾಸ್ತ್ರಕ್ಕೇ ಏಕೆಂದರೆ ನಮ್ಮ ಓಣಿಯಲ್ಲಿ ಎರಡೂ ಬದಿಗೆ ಪವರ್‌ಲೂಮು. ಕರೆಂಟು ಇರುವವರೆಗೆ ಖಟಾಖಟ್ ನಿಲ್ಲುವುದಿಲ್ಲ. ಕಿವಿಗೆ ಕೊಳವೆ ಇಟ್ಟುಕೊಂಡರೂ ಕೇಳುವುದು ಎದೆಯೋ ಪಕ್ಕದ ಮನೆಯ ಮಗ್ಗವೋ ಹೇಳಲು ಬಾರದು. "ಏ ಮುದುಕಿ, ನಿನ್ನ ಎದ್ಯಾಗ ಲಾಳಿ ಓಡಾಕತ್ತೈತಿ! ಎಷ್ಟ ಭಜಿ ತಿಂದೀಬೇ? ಖರೆ ಹೇಳು. ಹಲ್ಲಿಲ್ಲ, ಬಾಯಿ ಚಪಲ ನೋಡು!" ಎಂದು ಸುರು ಮಾಡಿದರೆ, ಆಯಿ ಮೊದಲು ಒಂದು ಕಣ್ಣು ತೆರೆಯುತ್ತಿದ್ದಳು, ಆಮೇಲೆ ಇನ್ನೊಂದು. ಕಡೆಗೆ ಎದ್ದು ಕುಳಿತು, "ಬೈಯಾಕ ಮಿರಜಕ್ಕ ಹೋಗಿ ಕಲ್ತಬಂದಾನ" ಎನ್ನುತ್ತ ಅವರಿಗೆ ಚಹಾ ಮಾಡಿಸುತ್ತಿದ್ದಳು.

ಒಮ್ಮೆ ನಾನು ಕೇಳಿದೆ. ಆಗ ನನಗೆ ಹೊಸದಾಗಿ ಸಾಲಿಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು, ಎಲ್ಲರಿಗೂ ನಡತೆ ಕಲಿಸುವ ಹುರುಪು ಇತ್ತು. "ಡಾಕ್ಟ್ರ, ದೊಡ್ಡವರು ಸಣ್ಣವರು ಅನ್ನದ ಎಲ್ಲಾರನೂ ಬೈತೀರಲ್ರಿ?"

ಅವರು ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಳ್ಳುತ್ತ ನಕ್ಕರು. "ಶಾಂತಾ, ಬೈಯಾಕ ಬಾಯಿ ಬರಾಕತ್ತೈತಿ ಅಂದ್ರ ಛಲೋ ಅಂತ ತಿಳಕೋ" ಎಂದರು. ನನಗೆ ಆಗ ಅದು ತಲೆಗೆ ಹೋಗಲಿಲ್ಲ.

ಇಂಥ ತಮ್ಮಣ್ಣ ಡಾಕ್ಟರು ಒಂದು ಬೇಸಿಗೆಯಲ್ಲಿ ಹೆಂಡತಿಯನ್ನು ಕರೆದುಕೊಂಡು ಕಾಶಿಗೆ ಹೊರಟರು. ದವಾಖಾನೆ ತೆರೆದಂದಿನಿಂದ ಅವರು ಊರು ಬಿಟ್ಟವರೇ ಅಲ್ಲ. ಹೊರಡುವ ಮುಂಚೆ ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಒಂದು ಸಗಟು ಬೈಗುಳ ಕೊಟ್ಟರು: "ನಾ ಬರೂತನಾ ಯಾರೂ ಬೀಳಬ್ಯಾಡ್ರಿ, ಯಾರೂ ಹಾಳ ಮೂಳ ತಿನ್ನಬ್ಯಾಡ್ರಿ. ಖರೇನ ಏನರ ಆದ್ರ ಜಮಖಂಡಿಗಿ ಹೋಗ್ರಿ." ಹೇಳಿ, ರೈಲು ಹಿಡಿಯಲು ಮಿರಜಕ್ಕೆ ಹೋದರು.

'ಖರೇನ ಏನರ ಆದ್ರ' ಎಂದಿದ್ದರು ನೋಡಿ, ಅಲ್ಲಿಗೇ ಬಂತು ತೊಂದರೆ. ಆದದ್ದು ಖರೆಯೋ ಸುಳ್ಳೋ ಎಂದು ಹೇಳುತ್ತಿದ್ದವರೇ ಅವರು. ಅಲ್ಲಿಯವರೆಗೆ ನಮ್ಮಲ್ಲಿ ಯಾರಿಗೂ ಅದನ್ನು ಸ್ವಂತ ತಲೆಯಿಂದ ನಿರ್ಧರಿಸುವ ಪ್ರಸಂಗ ಬಂದಿರಲಿಲ್ಲ. ಬೆರಳು ಕೊಯ್ದರೆ, ಬಿಕ್ಕಳಿಕೆ ಹತ್ತಿದರೆ, ಕಣ್ಣು ಅದುರಿದರೆ ದವಾಖಾನೆಯ ಮುಂದೆ ಹಾಯುವಾಗ ಕಿಟಕಿಯಿಂದಲೇ ಕೂಗಿ ಕೇಳುವುದು. ಒಳಗಿನಿಂದ "ಏನೂ ಆಗಿಲ್ಲ, ಹೋಗಲೇ!" ಎಂದು ಉತ್ತರ ಬರುವುದು. ಹೋಗುವುದು. ಈಗ 'ಹೋಗಲೇ' ಎನ್ನುವವರೇ ಇಲ್ಲ.

ಇಮಾಮಸಾಬರು ದಿನಾ ಬಾಗಿಲು ತೆರೆದು ಕೂರುತ್ತಿದ್ದರು. ಜನ ಅವರಿಗೆ "ಸಾಬ್ರ, ನೀವರ ಒಂದೀಟ ಬೈರಿ" ಎಂದು ಗಂಟುಬಿದ್ದರು. ಜನ್ಮದಲ್ಲಿ ಇರುವೆಗೂ ಗದರದ ಮನುಷ್ಯ. ಬಹಳ ಹೊತ್ತು ಗಂಟಲು ಸರಿ ಮಾಡಿಕೊಂಡು, "ಹಂಗೆಲ್ಲಾ ಮಾಡಬಾರದ್ರಿ ಯಜಮಾನ್ರ" ಎಂದರು. ಕೇಳಿದವರಿಗೆ ಕಾಯಿಲೆ ಹೆಚ್ಚಾಯಿತು.

ರಬಕವಿಯಲ್ಲಿ ಡಾಕ್ಟರು ಇರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದರು. ಒಂದು ರಸ್ತೆ ದಾಟಿದರೆ ಬನಹಟ್ಟಿ ಮುಗಿದು ರಬಕವಿ ಬರುತ್ತದೆ. ಆದರೆ ಅವರು ರಬಕವಿಯವರನ್ನು ಬೈಯುವ ಡಾಕ್ಟರು. ನಮ್ಮವರಿಗೆ ಇನ್ನೊಂದು ಊರಿನ ಬೈಗುಳ ತಿನ್ನುವುದಕ್ಕಿಂತ ಜಮಖಂಡಿಯವರೆಗೆ ಹೋಗುವುದೇ ಮರ್ಯಾದೆಯೆನಿಸಿತು.

ಹೀಗೆ ಸುರುವಾಯಿತು ಜಮಖಂಡಿಯ ದಾರಿ. ಶಿವಲಿಂಗಪ್ಪ ಕಾಕಾನ ಬಿಕ್ಕಳಿಕೆ ಮೊದಲು ಹೋಯಿತು. ಆಮೇಲೆ ಎದುರುಮನೆಯ ನೀಲವ್ವನ ಬೆರಳಲ್ಲಿ ಸಿಕ್ಕಿಕೊಂಡ ಉಂಗುರ ಹೋಯಿತು. ಹಲ್ಲುನೋವು, ಕಾಲು ಜೋಮು, "ಯಾಕೋ ಮನಸ್ಸಿಗೆ ಸಮ ಇಲ್ಲ" ಎನ್ನುವಂಥದ್ದೂ ಹೋಯಿತು. ನೂಲಿನ ಗಂಟು ತರಲು ಹೋಗುವ ಟೆಂಪೋ ಖಾಲಿ ಹೋಗುವುದೇಕೆಂದು ಓಣಿಯ ರೋಗಿಗಳನ್ನು ತುಂಬಿಕೊಂಡು ಹೊರಡುತ್ತಿತ್ತು. ಅಲ್ಲಿನ ದೊಡ್ಡ ದವಾಖಾನೆಯೊಂದರಲ್ಲಿ ತುರ್ತು ರೋಗಿಗಳನ್ನು ನೋಡುವ ಖೋಲಿ ಇತ್ತು. ಅಪಘಾತವಾದವರು, ಹಾವು ಕಚ್ಚಿದವರು ಬರುವ ಜಾಗ. ಅದರ ಬೆಂಚಿನ ಮೇಲೆ ಬಿಕ್ಕಳಿಸುತ್ತ, ಉಂಗುರ ತಿರುವುತ್ತ ನಮ್ಮ ಓಣಿ ಕುಳಿತಿತು.

ನಮ್ಮ ಮನೆಯ ಪಾಳಿಯೂ ಬಂತು. ಅದಕ್ಕೆ ಕಾರಣ ನಾನೇ. ಮುಧೋಳದಿಂದ ನನ್ನನ್ನು ನೋಡಲು ಬಂದಿದ್ದರು. ಹುಡುಗ ಸಕ್ಕರೆ ಕಾರಖಾನೆಯಲ್ಲಿ ನೌಕರಿಯವರು, ನೋಡಲು ಲಕ್ಷಣ. ಅಪ್ಪನಿಗೆ ಒಪ್ಪಿಗೆ, ಅವ್ವನಿಗೆ ಒಪ್ಪಿಗೆ, ನನಗೆ ಮೇಲೆ ನೋಡದೆಯೇ ಒಪ್ಪಿಗೆ. ಆಯಿಗೆ ಮಾತ್ರ ಇಲ್ಲ. ಅವಳು ಹಿಂದೆ ಒಮ್ಮೆ ಅವರ ಮನೆ ನೋಡಿ ಬಂದಿದ್ದಳು. ಅಲ್ಲಿ ಮುಧೋಳದ ಆ ಬೇಟೆನಾಯಿ ಇತ್ತಂತೆ. ನೀವು ನೋಡಿರಬಹುದು, ಆ ಜಾತಿಯೇ ಹಾಗೆ, ಸಣ್ಣ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು.

"ನಾಯಿಗಿ ಅನ್ನ ಹಾಕಲಾರದವರು ಸೊಸಿಗೇನ ಹಾಕತಾರು?" ಎಂದಳು ಆಯಿ.

"ಯವ್ವಾ, ಆ ನಾಯಿ ಇರೂದ ಹಂಗ" ಎಂದ ಅಪ್ಪ.

"ಹಂಗ ಅಂತ ಅವರು ನಿನಗ ಹೇಳ್ಯಾರ" ಎಂದಳು. ಮಾತು ಬೆಳೆಯಿತು. ಅಪ್ಪ ಮೊದಲ ಸಲ ಅವಳಿಗೆ ಎದುರುತ್ತರ ಕೊಟ್ಟ. ಆಯಿ ಗೋಡೆಗೆ ಒರಗಿ, ಸೆರಗಿನ ಮೇಲೆ ಕೈಯಿಟ್ಟು, "ನಾ ಹೊಂಟ್ನೆಪಾ" ಎಂದಳು.

ನಾನು ರೂಢಿಯಂತೆ ತಿರುವಿನವರೆಗೆ ಓಡಿ, ಡಾಕ್ಟರ ಖಾಲಿ ಕುರ್ಚಿ ನೋಡಿ ತಿರುಗಿ ಬಂದೆ. ಇದು ಎಂದಿನ ಎದೆನೋವೇ ಎಂದು ನಮಗೆಲ್ಲ ಅನಿಸುತ್ತಿತ್ತು. ಆದರೆ ಹಾಗೆಂದು ಹೇಳುವ ಧೈರ್ಯ ಯಾರಿಗಿದೆ? ಅಪ್ಪನ ಮುಖ ಬಿಳಿಚಿಕೊಂಡಿತು. ಟೆಂಪೋ ಬಂತು. ಆಯಿಯನ್ನು ಗಾದಿಯ ಸಮೇತ ಏರಿಸಿದೆವು.

ತುರ್ತು ಖೋಲಿಯಲ್ಲಿ ಒಬ್ಬ ಹರೆಯದ ಡಾಕ್ಟರು ಇದ್ದರು, ಮೈಸೂರು ಕಡೆಯವರು. ಬಾಗಿಲಿಗೇ ಬಂದು ಆಯಿಯ ಕೈ ಹಿಡಿದು, "ಬನ್ನಿ ಅಜ್ಜಿ, ನಿಧಾನವಾಗಿ ಮಲಗಿಕೊಳ್ಳಿ. ಏನೂ ಹೆದರಬೇಡಿ, ನಾವಿದ್ದೀವಿ" ಎಂದರು.

ಆಯಿ ಹಿಂದೆ ತಿರುಗಿ ಯಾರಾದರೂ ದೊಡ್ಡ ಮನುಷ್ಯರು ನಿಂತಿದ್ದಾರೆಯೇ ನೋಡಿದಳು. ಯಾರೂ ಇರಲಿಲ್ಲ. ಅವಳ ಮುಖದ ಬಣ್ಣ ಆಗ ಖರೇನೇ ಇಳಿಯಿತು.

"ಮುಂಚೆ ಯಾವಾಗಾದರೂ ಹೀಗೆ ನೋವು ಬಂದಿತ್ತಾ?" ಎಂದು ಡಾಕ್ಟರು ಕೇಳಿದರು.

"ವಾರಕ್ಕೊಮ್ಮೆ ಬರತೈತ್ರಿ" ಎಂದ ಅಪ್ಪ.

ಡಾಕ್ಟರು ಬೆಚ್ಚಿದರು. "ವಾರಕ್ಕೊಮ್ಮೆಯಾ? ಏನು ಔಷಧಿ ಕೊಡ್ತಿದ್ರು?"

ಅಪ್ಪ ನನ್ನ ಕಡೆ ನೋಡಿದ. ಮನೆಯಲ್ಲಿ ಕಲಿತವಳು ನಾನು, ಆ ಕಡೆಯ ಕನ್ನಡ ರೇಡಿಯೋದಲ್ಲಿ ಕೇಳಿ ಗೊತ್ತಿದ್ದವಳು. ಸೆರಗು ಸರಿ ಮಾಡಿಕೊಂಡು, ಬಹಳ ಶುದ್ಧವಾಗಿ, "ಕೆಂಪು ಬಣ್ಣದ್ದನ್ನು" ಎಂದೆ.

"ಕೆಂಪು... ಹೆಸರೇನು?"

"ಔಷಧಿ" ಎಂದೆ. ಪಕ್ಕದ ಬೆಂಚಿನಿಂದ ಶಿವಲಿಂಗಪ್ಪ ಕಾಕಾ ಇನ್ನೂ ನಿಲ್ಲದ ಬಿಕ್ಕಳಿಕೆಯ ನಡುವೆಯೇ, "ಔಷಧಕ್ಕಿಂತ ಹೆಚ್ಚಾಗಿ ಬೈತಿದ್ರು ನೋಡ್ರಿ" ಎಂದು ಸಹಾಯಕ್ಕೆ ಬಂದರು. ಡಾಕ್ಟರು ಅದನ್ನು ಎಲ್ಲಿ ಬರೆದುಕೊಳ್ಳಬೇಕೆಂದು ತಿಳಿಯದೆ ಪೆನ್ನು ಕೆಳಗಿಟ್ಟರು.

ಆ ಮನುಷ್ಯನ ತಪ್ಪೇನಿತ್ತು? ಆಯಿಯ ವಾರದ ಎದೆನೋವು, ಹುನ್ನೂರು, ಭಜಿ, ಮುಧೋಳದ ನಾಯಿ ಇವೊಂದೂ ಅವರಿಗೆ ಗೊತ್ತಿಲ್ಲ. ಎದೆ ಹಿಡಿದುಕೊಂಡ ಮುದುಕಿಯೊಬ್ಬಳು ಅಷ್ಟೇ ಗೊತ್ತು. ಮಾಡಬೇಕಾದ್ದನ್ನೆಲ್ಲ ಮಾಡಿದರು. ಕೈಗೆ, ಕಾಲಿಗೆ, ಎದೆಗೆ ವೈರು ಹಚ್ಚಿಸಿದರು. ಪ್ರತಿ ವೈರಿಗೂ "ಸ್ವಲ್ಪ ತಣ್ಣಗಾಗುತ್ತೆ ಅಜ್ಜಿ, ಕ್ಷಮಿಸಿ" ಎನ್ನುತ್ತಿದ್ದರು. ಆ 'ಕ್ಷಮಿಸಿ' ಆಯಿಯನ್ನು ಪೂರ್ತಿ ಕೆಡವಿತು. ಡಾಕ್ಟರೇ ಕ್ಷಮೆ ಕೇಳಬೇಕಾದರೆ ಇನ್ನೇನು ಉಳಿಯಿತು?

ವೈರುಗಳ ನಡುವಿನಿಂದಲೇ ಅವಳು ಹಂಚಲು ಸುರು ಮಾಡಿದಳು. "ಶಾಂತಾ, ಪಾಟಲಿ ನಿನಗ. ಬೋರಮಾಳ ನಿಮ್ಮವ್ವಗ. ಎಮ್ಮಿ ಹುನ್ನೂರಿಗಿ ಕಳಸ್ರಿ, ನಮ್ಮಣ್ಣನ ಮಕ್ಕಳು ಹಾಲ ಕುಡೀಲಿ." ಬೋರಮಾಳ ತನಗೆಂದು ಕೇಳಿ ಅಳುತ್ತಿದ್ದ ಅವ್ವ ಒಂದು ಗಳಿಗೆ ಅಳು ನಿಲ್ಲಿಸಿ, "ಹೌದ್ರಿ ಅತ್ತಿ?" ಎಂದಳು. ಕಡೆಗೆ ಆಯಿ ಅಪ್ಪನ ಕೈ ಹಿಡಿದುಕೊಂಡು, "ಮುಧೋಳದವರಿಗಿ ಹೂಂ ಅನ್ನು. ನನ್ನ ಸಲುವಾಗಿ ಹುಡುಗಿ ಲಗ್ನ ನಿಲ್ಲೂದ ಬ್ಯಾಡ" ಎಂದಳು. ಅಪ್ಪ ಹೋ ಎಂದು ಅತ್ತ. ನಾನೂ ಅತ್ತೆ. ಅಳುತ್ತಲೇ ಒಳಗೊಳಗೆ ಸ್ವಲ್ಪ ಸಂತೋಷವೂ ಆಯಿತು, ಅದಕ್ಕೆ ಇನ್ನಷ್ಟು ಅತ್ತೆ.

ಅಷ್ಟರಲ್ಲಿ ಡಾಕ್ಟರು ಉದ್ದನ್ನ ಕಾಗದ ನೋಡಿ ನಗುತ್ತ ಬಂದರು. "ಹೃದಯ ತುಂಬ ಚೆನ್ನಾಗಿದೆ ಅಜ್ಜಿ. ಬರೀ ಗ್ಯಾಸ್. ಮನೆಗೆ ಹೋಗಬಹುದು."

ಆಯಿ ಅಪ್ಪನ ಕಿವಿಯಲ್ಲಿ, "ಭಾಳ ಒಳ್ಳೆ ಮನಷ್ಯಾ. ಖರೆ ಹೇಳಾಕ ಆಗವಲ್ದು ಅವಗ" ಎಂದಳು.

ಮನೆಗೆ ಬಂದ ಮೇಲೂ ಅವಳು ಏಳಲಿಲ್ಲ. ಮೂಲೆಯಲ್ಲಿ ಮಲಗಿ, ನೋಡಲು ಬಂದವರಿಗೆಲ್ಲ, "ನನಗ ಕ್ಷಮಿಸು ಅಂದ್ರವಾ ಅವರು" ಎಂದು ಹೇಳುತ್ತಿದ್ದಳು. ಬಂದವರು ತಲೆ ಅಲ್ಲಾಡಿಸಿ, ದನಿ ತಗ್ಗಿಸಿ ಹೋಗುತ್ತಿದ್ದರು. ಅತ್ತ ಮುಧೋಳಕ್ಕೆ ಹೂಂ ಎಂಬ ಮಾತು ತಲುಪಿತು.

ಒಂದು ಮುಂಜಾನೆ ಓಣಿಯ ತುದಿಯಿಂದ ಕಿರ್ರ್ ಕಿರ್ರ್ ಕೇಳಿಸಿತು. ಕಾಶಿಯಿಂದ ಬಂದ ಡಾಕ್ಟರು ದಾರಿಯಲ್ಲೇ ಎಲ್ಲ ಸುದ್ದಿ ಕೇಳಿ, ಮೋರೆ ಕೂಡ ತೊಳೆಯದೆ ನೇರ ನಮ್ಮ ಮನೆಗೆ ಬಂದಿದ್ದರು. ಒಂದು ಕೈಯಲ್ಲಿ ಗಂಗೆಯ ತಂಬಿಗೆ. ಇನ್ನೊಂದು ಕೈಯಿಂದ ಆಯಿಯ ನಾಡಿ ಹಿಡಿದರು. ನಾವೆಲ್ಲ ಅವರ ಬಾಯಿಯನ್ನೇ ನೋಡುತ್ತಿದ್ದೆವು.

"ಏ ಮುದುಕಿ! ನಾ ಕಾಶಿಗಿ ಹ್ವಾದ್ರ ನೀ ಕೈಲಾಸಕ್ಕ ಹೊಂಟಿದ್ದೇನಬೇ? ನಾಡಿ ನೋಡಿದ್ರ ಕುದರಿ ಓಡಿದಂಗ ಓಡಾಕತ್ತೈತಿ! ಎಮ್ಮಿ ಹಂಚಿದ್ಯಂತ? ನಾಚಿಕಿಲ್ಲ? ಏಳು, ಚಾ ಮಾಡಸು!"

ಆಯಿ ಎದ್ದಳು. ಸೆರಗು ಕೊಡವಿಕೊಂಡು ಎದ್ದವಳೇ ಮೊದಲು ನನ್ನ ಕೈಯಿಂದ ಪಾಟಲಿ ಬಿಚ್ಚಿಸಿಕೊಂಡಳು, ಆಮೇಲೆ ಅವ್ವನ ಕೊರಳಿನ ಬೋರಮಾಳ. ಮುಧೋಳದವರಿಗೆ ಕೊಟ್ಟ ಮಾತು ಮಾತ್ರ ಬಿಚ್ಚಿಸಿಕೊಳ್ಳಲು ಬರಲಿಲ್ಲ. ಹೀಗೆ ನನ್ನ ಮದುವೆಯಾಯಿತು. ನನ್ನ ಯಜಮಾನರು ಇವತ್ತಿಗೂ ಆ ಮೈಸೂರು ಕಡೆಯ ಡಾಕ್ಟರನ್ನು ನೆನೆಸುತ್ತಾರೆ. ಮನಸ್ಸು ಚೆನ್ನಾಗಿದ್ದ ದಿನ ಕೃತಜ್ಞತೆಯಿಂದ, ಉಳಿದ ದಿನ ಬೇರೆ ರೀತಿಯಿಂದ.

ಡಾಕ್ಟರು ಬಂದ ಮೇಲೆ ನೂಲಿನ ಟೆಂಪೋ ಮತ್ತೆ ಖಾಲಿ ಹೋಗತೊಡಗಿತು. ಜಮಖಂಡಿಯ ಆ ಬೆಂಚಿನ ಮೇಲೆ ಒಂಟಿಯಾಗಿ ಕುಳಿತಿದ್ದ, ಹಾವು ಕಚ್ಚಿದವರಿಗೆ ಬನಹಟ್ಟಿಯವರು ಏನಾದರೆಂದು ಅನಿಸಿರಬೇಕು.

ಇಲ್ಲಿಗೇ ನಿಲ್ಲಿಸಿದ್ದರೆ ಇದು ನಗುವ ಕಥೆಯಾಗಿಯೇ ಇರುತ್ತಿತ್ತು. ಆದರೆ ಇನ್ನೊಂದು ಮಧ್ಯಾಹ್ನವಿದೆ. ಅದನ್ನು ಬಿಟ್ಟರೆ ನಾನು ನಿಮಗೆ ಅರ್ಧ ಹೇಳಿದಂತೆ.

ಮದುವೆಯಾಗಿ ಕೆಲವು ವರ್ಷಗಳಾಗಿದ್ದವು. ನಾನು ತವರಿಗೆ ಬಂದಿದ್ದೆ. ಆಯಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಅವತ್ತು ಮನೆಯಲ್ಲಿ ಜಗಳವಿಲ್ಲ, ಭಜಿಯಿಲ್ಲ, ಯಾರ ಮಾತೂ ಇಲ್ಲ. ಅವಳು ಎದೆ ಹಿಡಿದುಕೊಳ್ಳಲೂ ಇಲ್ಲ. "ಶಾಂತಾ, ದವಡಿ ಯಾಕೋ ಜಗ್ಗಾಕತ್ತೈತಿ" ಎಂದಳು, ಅಷ್ಟೇ. ಇದ್ದ ಎರಡು ಹಲ್ಲಿನದೇ ಇರಬೇಕೆಂದು ಅವ್ವ ಲವಂಗ ಕೊಟ್ಟಳು. ಹಣೆ ಬೆವರಿದ್ದನ್ನು ನೋಡಿ ನಾನು ಬೀಸಣಿಗೆ ಕೊಟ್ಟೆ. ಬೇಸಿಗೆ ಎಂದುಕೊಂಡೆ. ತಿರುವಿನವರೆಗೆ ಓಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಡಾಕ್ಟರು ಯಾರದೋ ಮನೆಗೆ ಹೋಗಿ ಬರುತ್ತಿದ್ದವರು ದಿನದಂತೆ ನಮ್ಮ ಹೊಸ್ತಿಲಲ್ಲಿ ಇಣುಕಿದರು. ಕರೆಯದಿದ್ದರೂ ಇಣುಕಿ ಒಂದು ಮಾತು ಬೈದು ಹೋಗುವುದು ಅವರ ರೂಢಿ. "ಏ ಮುದುಕಿ..." ಎಂದು ಸುರು ಮಾಡಿದವರು ಅಲ್ಲೇ ನಿಂತುಬಿಟ್ಟರು.

ಚಪ್ಪಲಿ ಬಿಚ್ಚುವುದನ್ನೂ ಮರೆತು ಒಳಗೆ ಬಂದು ಅವಳ ಮುಂದೆ ಮಂಡಿಯೂರಿ ಕುಳಿತರು. ನಾಡಿ ಹಿಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ಮಗ್ಗ ನಿಂದರಸ್ರಿ" ಎಂದರು.

ಅಪ್ಪ ನಮ್ಮ ಮಗ್ಗ ನಿಲ್ಲಿಸಿದ. ಸಾಲಲಿಲ್ಲ. ಪಕ್ಕದ ಮನೆಗೆ ಓಡಿದ. ಶಿವಲಿಂಗಪ್ಪ ಕಾಕಾ ನಿಲ್ಲಿಸಿದರು, ನೀಲವ್ವನ ಮನೆಯವರು ನಿಲ್ಲಿಸಿದರು, ಒಬ್ಬರಿಂದೊಬ್ಬರಿಗೆ ಮಾತು ಹೋಗಿ ಓಣಿಯ ಮಗ್ಗಗಳೆಲ್ಲ ನಿಂತವು. ಕರೆಂಟು ಇದ್ದಾಗ ಅಂಥ ಮೌನವನ್ನು ನಾನು ಅಲ್ಲಿ ಎಂದೂ ಕೇಳಿರಲಿಲ್ಲ. ಯಾರದೋ ಅಂಗಳದಲ್ಲಿ ಕೋಳಿ ಕೆದರುವ ಸಪ್ಪಳ ಬರುತ್ತಿತ್ತು. ಡಾಕ್ಟರು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೇಳಿದರು.

ಆಮೇಲೆ ಆಯಿಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ಗಂಗವ್ವಾರ, ಸ್ವಲ್ಪ ಜಮಖಂಡಿ ತನಾ ಹೋಗಿ ಬರೂಣ್ರಿ. ನಾನೂ ಬರ್ತೀನಿ. ಏನೂ ಹೆದರಬ್ಯಾಡ್ರಿ."

ಅವ್ವನ ಕೈಯಿಂದ ಲವಂಗದ ಡಬ್ಬಿ ಬಿತ್ತು. ಆಯಿ ಮಾತ್ರ ಅವರ ಮುಖ ನೋಡುತ್ತ, ಸಣ್ಣ ದನಿಯಲ್ಲಿ, "ತಮ್ಮಣ್ಣಾ, ನನಗ ಮರ್ಯಾದಿ ಕೊಡಾಕತ್ತೇನೋ?" ಎಂದಳು. ಅವಳು ಪಾಟಲಿಯ ಮಾತೆತ್ತಲಿಲ್ಲ, ಎಮ್ಮೆಯ ಮಾತೆತ್ತಲಿಲ್ಲ. ಸುಮ್ಮನೆ ಎದ್ದಳು.

ಟೆಂಪೋದಲ್ಲಿ ಡಾಕ್ಟರು ನೂಲಿನ ಖಾಲಿ ಚೀಲಗಳ ಮೇಲೆ ಕುಳಿತು ದಾರಿಯುದ್ದಕ್ಕೂ ಅವಳ ಮಣಿಕಟ್ಟು ಬಿಡಲಿಲ್ಲ. ತುರ್ತು ಖೋಲಿಯಲ್ಲಿ ಬೇರೆ ಡಾಕ್ಟರು ಇದ್ದರು. ಇವರು ಅವರಿಗೆ ಹೇಳಿದ್ದು ಇಷ್ಟೇ: "ಈಕೀನ ಇಪ್ಪತ್ತ ವರ್ಷದಿಂದ ನೋಡಾಕತ್ತೀನ್ರಿ. ವಾರಕ್ಕೊಮ್ಮೆ ಎದಿ ಹಿಡಕೊಂಡು ಒದರತಾಳ. ಇವತ್ತ ಒದರವಲ್ಲಳು. ಇದು ಅಕಿ ದಿನದ ಬ್ಯಾನಿ ಅಲ್ಲ." ಆ ಡಾಕ್ಟರು ಮರುಮಾತಿಲ್ಲದೆ ಅವಳನ್ನು ಒಳಗೆ ಒಯ್ದರು. ಹೃದಯಾಘಾತ, ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಆಮೇಲೆ ಹೇಳಿದರು. ಇಪ್ಪತ್ತು ವರ್ಷ ಭಜಿಯ ಎದೆನೋವು ನೋಡಿದ್ದರಿಂದಲೇ ಅವರಿಗೆ ಈ ದವಡೆನೋವು ಕಂಡದ್ದು. ನಾವು ಮನೆಯವರು, ದಿನಾ ಕಣ್ಣ ಮುಂದೆ ಇದ್ದವರು, ಲವಂಗ ಕೊಟ್ಟು ಕುಳಿತಿದ್ದೆವು.

ಆಯಿ ಅಲ್ಲಿ ಬಹಳ ದಿನ ಮಲಗಿದಳು. ತಮ್ಮಣ್ಣ ಡಾಕ್ಟರು ದವಾಖಾನೆ ಮುಚ್ಚಿದ ಮೇಲೆ ಬಸ್ಸು ಹತ್ತಿ ಬಂದು ನೋಡಿ ಹೋಗುತ್ತಿದ್ದರು. ಬಂದಾಗಲೆಲ್ಲ "ಹೆಂಗದೀರಿ ಗಂಗವ್ವಾರ?" ಎನ್ನುತ್ತಿದ್ದರು. ಆಯಿ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. "ಇನ್ನೂ ಬೈಯವಲ್ಲ ನೋಡು" ಎಂದು ನ‌ನ್ನ ಮುಂದೆ ಹೇಳುವಾಗ ಅವಳ ಕಣ್ಣಂಚು ಒದ್ದೆಯಾಗಿರುತ್ತಿತ್ತು. ಅಲ್ಲಿನ ಡಾಕ್ಟರು ಎಷ್ಟು ಸಲ ಗುಣವಾಗುತ್ತಿದೆ ಎಂದರೂ ಅವಳು ನಂಬಲಿಲ್ಲ, ಖರೆ ಹೇಳಬೇಕೆಂದರೆ ನಾವೂ ನಂಬಲಿಲ್ಲ. ಅಪ್ಪ ಬಾಗಿಲ ಹೊರಗೆ ಕುಳಿತು ಡಾಕ್ಟರ ದನಿಗೇ ಕಿವಿಗೊಡುತ್ತಿದ್ದ.

ಒಂದು ಸಂಜೆ ಅವರು ಬಂದಾಗ ಆಯಿ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡು ಮಲಗಿದ್ದಳು. ನಾಡಿ ನೋಡಲೆಂದು ಕೈ ಎತ್ತಿದರೆ ಕೈ ಎಣ್ಣೆ ಎಣ್ಣೆ. ಡಾಕ್ಟರು ಮೂಗು ಅರಳಿಸಿದರು. ತಲೆದಿಂಬು ಎತ್ತಿದರು. ಅದರ ಕೆಳಗೆ ಕಾಗದದ ಪುಡಿಕೆ, ಪುಡಿಕೆಯಲ್ಲಿ ಅರ್ಧ ಕಚ್ಚಿದ ಮೆಣಸಿನಕಾಯಿ ಭಜಿ. ನೋಡಲು ಬಂದಿದ್ದ ಶಿವಲಿಂಗಪ್ಪ ಕಾಕಾ ಮೆಲ್ಲಗೆ ಬಾಗಿಲ ಕಡೆ ಸರಿದರು.

ಡಾಕ್ಟರು ಪುಡಿಕೆ ನೋಡಿದರು, ಆಯಿಯನ್ನು ನೋಡಿದರು, ಇನ್ನೊಮ್ಮೆ ನಾಡಿ ಹಿಡಿದು ನೋಡಿದರು. ಅವರ ಮುಖ ನಿಧಾನವಾಗಿ ಕೆಂಪಾಯಿತು.

"ಏ ಮುದುಕಿ! ನಾಚಿಕಿ ಮಾನ ಮರ್ಯಾದಿ ಐತೇನಬೇ ನಿನಗ? ನಾ ಇಲ್ಲಿ ಬಸ್ಸಿನಾಗ ಜೋತಾಡಿ ಸಾಯಾಕತ್ತೀನಿ, ನೀ ದಿಂಬಿನ ಬುಡಕ ಭಜಿ ಅಂಗಡಿ ಇಟ್ಟೀಯೇನ? ಹಲ್ಲಿಲ್ಲ, ಎದಿ ಗಟ್ಟಿಲ್ಲ, ಬಾಯಿ ನೋಡು ಬಾಯಿ!"

ಸಾಲು ಮಂಚಗಳ ಮೇಲಿದ್ದ ರೋಗಿಗಳೆಲ್ಲ ಎದ್ದು ಕುಳಿತರು. ಹೊರಗಿನಿಂದ ಅಪ್ಪ ಓಡಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತು ಅಳತೊಡಗಿದ. ಆಯಿ ಕಣ್ಣು ಮುಚ್ಚಿಕೊಂಡು ಬೈಗುಳವನ್ನು ಕಡೆಯವರೆಗೂ ಕೇಳಿದಳು. ಮುಗಿದ ಮೇಲೆ ಮೊದಲು ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು. ಎರಡರಲ್ಲೂ ನೀರಿತ್ತು.

"ಬೈದ" ಎಂದಳು ನನಗೆ. "ಶಾಂತಾ, ಗಂಟ ಕಟ್ಟು. ಮನಿಗಿ ಹೋಗೂಣ."